ಮಂಚಯ್ಯನವರ ಹಂಗೇರಿ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿರುವ ಮಂಚಯ್ಯನವರ ಪತ್ನಿ ತಾಯಿ ಮಾಯಮ್ಮನವರೇ, ಅವರ ಮೊಮ್ಮಗಳು ರಂಜಿನಿ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಮಾರುಕಟ್ಟೆಗಳಲ್ಲಿ ಮೂಟೆ ಇಳಿಸಿಟ್ಟು ಬಂದಿರುವ ಹಮಾಲಿ ಬಂಧುಗಳೇ — ಎಲ್ಲರಿಗೂ ನಮಸ್ಕಾರ.

ಹಾರ ಹಾಕಿರೋ ಮಂಚಯ್ಯನವರ ಫೋಟೋ ನೋಡಿ — ನಗ್ತಾನೇ ಇದ್ದಾರೆ. ಅಳುಮುಖ ಹಾಕಿಕೊಂಡು ಅವರ ಬಗ್ಗೆ ಮಾತಾಡೋಕೆ ನನ್ನಿಂದ ಆಗೋದಿಲ್ಲ, ಕ್ಷಮಿಸಿ.

ನಮ್ಮ ಹಮಾಲಿ ಸಂಘ ಕಟ್ಟಿದವರು ಅವರು. ಪ್ರತಿ ಸಲವೂ ಅವರೇ ಅಧ್ಯಕ್ಷರು. "ಒಪ್ಗೆನೇನ್ರಲಾ?" ಅನ್ನೋರು, ನಾವೆಲ್ಲ ಕೈ ಎತ್ತೋದು — ಮುಗೀತು ಚುನಾವಣೆ! ಅವರ ಎದುರಿಗೆ ಕೂತು ಕೈ ಎತ್ತದೇ ಇರೋ ಧೈರ್ಯ ಯಾರಿಗಿತ್ತು ಹೇಳಿ?

ಆಮೇಲೆ ಬಂತು ಹಂಗೇರಿ. ಇದು ರಂಜಿನಿಯೇ ನನಗೆ ಹೇಳಿದ್ದು. ಎಂ.ಎ. ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳಂತೆ — ಸಾವಿರದ ಒಂಬೈನೂರ ಐವತ್ತಾರರಲ್ಲಿ ಹಂಗೇರಿ ದೇಶದ ವಿದ್ಯಾರ್ಥಿಗಳು, ಕಾರ್ಖಾನೆ ಕಾರ್ಮಿಕರು ಕಮ್ಯುನಿಸ್ಟ್ ಸರ್ಕಾರದ ವಿರುದ್ಧವೇ ಬೀದಿಗಿಳಿದರು. ಸೋವಿಯತ್ ಟ್ಯಾಂಕುಗಳು ಬಂದು ಅವರನ್ನು ಅಡಗಿಸಿದವು. ಇದು ಮಂಚಯ್ಯನವರ ಕಿವಿಗೆ ಬಿತ್ತು — ಜೀವಮಾನವೆಲ್ಲ ಕೆಂಬಾವುಟ ಹಿಡಿದ ಮನುಷ್ಯ! ಸಿಟ್ಟು ನೆತ್ತಿಗೇರಿತು.

"ಸುಳ್ಳು ಕಣವ್ವ! ಕೂಲಿಯೋರ್ ಸರ್ಕಾರ ಕೂಲಿಯೋರ್ಗೇ ಗುಂಡು ಒಡೀತದಾ?"

"ಅದೇ ಆಗಿದ್ದು, ತಾತ."

ಆ ದಿನ ಅವರಿಗೆ ಊಟ ಸೇರಲಿಲ್ಲ. ಮಾರನೇ ದಿನ ತಾವೇ ಹೋಗಿ ಪಕ್ಕದಲ್ಲಿ ಕೂತರು — "ಮುಂದ್ಕೆ ಓದವ್ವ."

ಅಲ್ಲಿನ ರಾಜಧಾನಿಯಲ್ಲಿ ಸೋವಿಯತ್ ನಾಯಕನದೊಂದು ಭಾರಿ ಪ್ರತಿಮೆ ಇತ್ತಂತೆ. ಜನ ಎಳೆದು ಕೆಡವಿದರು — ಪೀಠದ ಮೇಲೆ ಬರೀ ಬೂಟು ಉಳಿದವು! ಮಂಚಯ್ಯನವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರಂತೆ. ಆಮೇಲೆ ಇದ್ದಕ್ಕಿದ್ದಂತೆ, "ನಮ್ ಸಂಗ್ದಲ್ಲೂ ನನ್ ಮಕ ನೋಡ್ಕಂಡೇ ಕೈ ಎತ್ತದು ಅಲ್ವೇನವ್ವ?" ಅಂದರಂತೆ.

ಮುಂದಿನ ಸಭೆಯಲ್ಲಿ ಎದ್ದು ನಿಂತರು. "ಈ ಸಲ ಕೈ ಎತ್ತದು ಬ್ಯಾಡ, ಚೀಟಿ ಆಕ್ರಲಾ. ನಾನು ಬ್ಯಾಡ ಅಂದ್ರೆ ಈಗ್ಲೇ ಇಳಿಸ್ಬುಡಿ — ಚಪ್ಪಲಿನಾದ್ರೂ ತಕ್ಕಂಡು ಓಯ್ತೀನಿ!" ಎದುರಿಗೆ ನಿಲ್ಲೋಕೆ ಒಬ್ಬರೂ ಇಲ್ಲ. ಕೊನೆಗೆ ನನ್ನ ರಟ್ಟೆ ಹಿಡಿದು ಅವರೇ ನಿಲ್ಲಿಸಿದರು.

ನಮ್ಮ ಬೋರಪ್ಪ ಗೋಗರೆದ: "ಬ್ಯಾಡ ಕಣಣ್ಣ, ಸೋತ್ಬುಟ್ಟೀಯ."

"ಸೋತ್ರೆ ಸೋಲ್ತೀನಿ ಬುಡ್ಲಾ."

ಸೋತೇಬಿಟ್ಟರು! ಗೆದ್ದವನು ಈ ದೇವರಾಜ್ — ನಾನೇ. ಅವರು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಎರಡನ್ನೂ — ಹೀಗೆ — ಮೇಲೆತ್ತಿ ಎಲ್ಲರಿಗೂ ತೋರಿಸಿ, ನಗುತ್ತಾ ಹೊರಟರು. ವಾಪಸ್ ಬಂದದ್ದು ಬಿಸಿ ಬೋಂಡದ ಪೊಟ್ಟಣದ ಜೊತೆಗೆ. ಮೊದಲನೆಯದು ನನಗೇ ಕೊಟ್ಟರು. "ತಿನ್ಲಾ. ನಾಳೆಯಿಂದ ನಿನ್ನ ಬಯ್ಯೋ ಮೊದಲನೇವ್ನು ನಾನೇ ಕಣ್ಲಾ."

ಹಾಗೇ ಮಾಡಿದರು! ಒಂದು ಸಭೆಯನ್ನೂ ತಪ್ಪಿಸಲಿಲ್ಲ, ಒಂದು ಸಭೆಯಲ್ಲೂ ನನ್ನನ್ನು ಬಿಡಲಿಲ್ಲ. ಈಗ ನನ್ನನ್ನು ಬಯ್ಯೋರು ಯಾರು ಅಂತ ನೆನೆದರೆ ಸಂಕಟವಾಗುತ್ತೆ.

ಬಂಧುಗಳೇ, ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಮೌನವಾಗಿರೋಣ. ಒಂದೇ ನಿಮಿಷ — ಅದಕ್ಕಿಂತ ಹೆಚ್ಚು ಹೊತ್ತು ನೀವು ನನ್ನ ಮುಂದೆ ಬಾಯಿ ಮುಚ್ಚಿಕೊಂಡು ನಿಂತರೆ, ಮಂಚಯ್ಯನವರಿಗೆ ಹಿಡಿಸೋದಿಲ್ಲ.