ನಾನು ಏಳು ಸಲ ಅಳಿಸಿದ ಸಾಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಕುಲಪತಿಗಳೇ, ಈ ಓದುಮನೆಯ ಬಾಗಿಲ ಬಳಿಯ ಹೆಸರಿನ ಕಲ್ಲಿನ ಮೇಲಿನ ಪರದೆ ಸರಿಸಲೆಂದೇ ದೂರದಿಂದ ಬಂದಿರುವ ನಿವೃತ್ತ ನ್ಯಾಯಾಧೀಶರೇ, ವೇದಿಕೆಯ ತುದಿಯಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಕುಲಸಚಿವರೇ, ಗ್ರಂಥಾಲಯದ ಸಿಬ್ಬಂದಿಯವರೇ, ವಿದ್ಯಾರ್ಥಿಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕ, ಮತ್ತು ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತೆರಡು ವರ್ಷ ಈ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಬೇರೆಯವರ ಮಾತನ್ನು ಮೊಟಕು ಮಾಡುವುದು ನನಗೆ ನೀರು ಕುಡಿದಷ್ಟು ಸಲೀಸು. ನನ್ನ ಮಾತು ಮಾತ್ರ ನನ್ನ ಕೈಗೆ ಸಿಗುವುದಿಲ್ಲ. ಸಹಿಸಿಕೊಳ್ಳಬೇಕು. ಇಂದಿನ ಆಹ್ವಾನ ಪತ್ರಿಕೆಯಲ್ಲಿ ನಾಲ್ಕು ತಪ್ಪುಗಳಿವೆ. ಮೂರನ್ನು ನಿನ್ನೆಯೇ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕುಲಸಚಿವರ ಕಚೇರಿಗೆ ಕೊಟ್ಟು ಬಂದಿದ್ದೇನೆ. ನಾಲ್ಕನೆಯದನ್ನು ಹೇಳಲು ಇಲ್ಲಿ ನಿಂತಿದ್ದೇನೆ.

ನಿರೂಪಣೆ ಮಾಡುತ್ತಿರುವ ಮೇಡಂ ನನ್ನನ್ನು ಬಹಳ ಹೊಗಳಿದರು. ಅಂತರಜಾಲದ ವಿಶ್ವಕೋಶದಲ್ಲಿ ನಮ್ಮ ವಿಶ್ವವಿದ್ಯಾಲಯದ ಬಗ್ಗೆ ಇರುವ ಲೇಖನವನ್ನು ಹನ್ನೊಂದು ವರ್ಷದಿಂದ ಹದ್ದಿನ ಕಣ್ಣಿಟ್ಟು ಕಾಯುತ್ತಿರುವವರು ಎಂದರು. ಗೊತ್ತಿಲ್ಲದವರಿಗೆ ಎರಡು ಮಾತು. ಆ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ಆದರೆ ಬರೆದ ಮಾತಿಗೆ ಎಲ್ಲಾದರೂ ಪ್ರಕಟವಾದ ಆಧಾರ ಬೇಕು. ಹೊಗಳಬಾರದು, ತೆಗಳಬಾರದು. ತನ್ನ ಮನೆಯವರ ಬಗ್ಗೆ ತಾನೇ ಬರೆಯಬಾರದು. ಇಷ್ಟೇ ನಿಯಮ. ಕೇಳಲು ಸುಲಭ, ಅಲ್ಲವೇ?

ನಿವೃತ್ತನಾದ ಮರುದಿನ ಏನು ಮಾಡುವುದೆಂದು ತೋಚದೆ ಆ ಲೇಖನ ತೆರೆದೆ. ಆರು ಸಾಲಿನ ಲೇಖನ, ಒಂಬತ್ತು ತಪ್ಪು. ತಿದ್ದುತ್ತಾ ಕೂತೆ, ಹನ್ನೊಂದು ವರ್ಷವಾಯಿತು. ನಮ್ಮ ಪ್ರಚಾರ ವಿಭಾಗದವರು ಬಂದು "ವಿಶ್ವವಿಖ್ಯಾತ" ಎಂದು ಸೇರಿಸುತ್ತಿದ್ದರು, ನಾನು ತೆಗೆಯುತ್ತಿದ್ದೆ. ವಿಶ್ವಕ್ಕೇ ಗೊತ್ತಿದ್ದರೆ ನಾವು ಹೇಳಬೇಕೇಕೆ? ವಿದ್ಯಾರ್ಥಿಗಳ ಸಂಖ್ಯೆ ಹದಿನಾಲ್ಕು ಸಾವಿರ ಎಂದು ಬರೆಯುತ್ತಿದ್ದರು. ವಾರ್ಷಿಕ ವರದಿಯಲ್ಲಿ ಹನ್ನೊಂದು ಸಾವಿರದ ಆರುನೂರು. ಉಳಿದವರೆಲ್ಲಿ ಕೂತು ಓದುತ್ತಿದ್ದಾರೋ ನನಗೆ ತಿಳಿಯದು. ಇತ್ತ ವಿದ್ಯಾರ್ಥಿಗಳು ಬಂದು "ಇಲ್ಲಿನ ಕ್ಯಾಂಟೀನಿನ ಚಹಾ ಒಮ್ಮೆ ಕುಡಿದವರು ಮತ್ತೆ ಕುಡಿಯುವುದಿಲ್ಲ" ಎಂದು ಬರೆಯುತ್ತಿದ್ದರು. ಅದನ್ನೂ ತೆಗೆದೆ. ಮಾತು ನಿಜ, ಆದರೆ ಪ್ರಕಟವಾದ ಆಧಾರವಿಲ್ಲ.

ಹೀಗೆ ಎರಡೂ ಕಡೆಯವರಿಂದ ಬೈಸಿಕೊಂಡೆ. ಎರಡೂ ಕಡೆಯವರು ಬೈದರೆ ತಕ್ಕಡಿ ಸಮವಾಗಿದೆ ಎಂದು ಅರ್ಥ ಮಾಡಿಕೊಂಡೆ. ಬಹಳ ಹೆಮ್ಮೆಪಟ್ಟೆ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕ, ನೀನು ತಲೆ ತಗ್ಗಿಸಬೇಡ. ಹೇಳು ಅಂದವಳು ನೀನೇ.

ನಮ್ಮ ಅಪ್ಪ ಬೇಗ ಹೋದರು. ಅಮ್ಮ ಟೈಲರ್. ಈ ವಿಶ್ವವಿದ್ಯಾಲಯ ಶುರುವಾದಾಗ ಘಟಿಕೋತ್ಸವದ ಕಪ್ಪು ಗೌನುಗಳನ್ನೆಲ್ಲ ಹೊಲಿದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ನಾನು ಆ ಕಪ್ಪು ಬಟ್ಟೆಯ ರಾಶಿಯ ಮೇಲೆ ಮಲಗಿ ಬೆಳೆದವನು. ಅಕ್ಕ ಗಣಿತದ ಪದವಿ ತೆಗೆದುಕೊಂಡಾಗ ಅಮ್ಮ ಓಣಿಗೆಲ್ಲ ಹೇಳಿದಳು, "ಈ ಯೂನಿವರ್ಸಿಟೀಲಿ ಡಿಗ್ರಿ ತಗೊಂಡ ಮೊದಲನೇ ಹೆಣ್ಣುಮಗಳು ನಮ್ಮ ಹುಡುಗಿ." ಅಂಗಡಿಯಲ್ಲಿ ಹೇಳಿದಳು, ಬಸ್ಸಿನಲ್ಲಿ ಹೇಳಿದಳು, ಅಳತೆ ಕೊಡಲು ಬಂದವರ ಸುತ್ತ ಟೇಪು ಹಿಡಿದುಕೊಂಡೂ ಹೇಳಿದಳು. ಸಾಯುವವರೆಗೂ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಮ್ಮ ಅಕ್ಕ ಹೆಗ್ಗಣವೇನೂ ಅಲ್ಲ, ಚಿನ್ನ.

ಹಾಗಾಗಿ ಲೇಖನ ತೆರೆದ ಎರಡನೇ ದಿನವೇ ನಾನು ಅಕ್ಕನ ಹೆಸರು ಬರೆದು, ಮುಂದೆ "ಈ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ" ಎಂದು ಸೇರಿಸಿದೆ. ಆಧಾರ ಕೊಡಲಿಲ್ಲ. ಅಮ್ಮ ಹೇಳಿದ್ದಕ್ಕೆ ಆಧಾರ ಕೇಳುವವರುಂಟೇ? ನಾನು ಅವಳ ತಮ್ಮ ಎಂದೂ ಹೇಳಿಕೊಳ್ಳಲಿಲ್ಲ.

ಎರಡು ವರ್ಷವಾದ ಮೇಲೆ ವಿಶ್ವವಿದ್ಯಾಲಯ ತನ್ನ ಸ್ಮರಣ ಸಂಚಿಕೆ ತಂದಿತು. ಸಂಪಾದಕ ಮಂಡಳಿಯವರು ನನ್ನ ಲೇಖನದಿಂದ ಆ ಸಾಲನ್ನು ಹಾಗೇ ಎತ್ತಿಕೊಂಡರು. ಅದರ ಕರಡು ತಿದ್ದಲು ಕರೆದದ್ದು ಯಾರನ್ನು? ನನ್ನನ್ನೇ. ಆ ಸಾಲಿನ ಪಕ್ಕ "ಸರಿ" ಎಂದು ಗುರುತು ಹಾಕಿದೆ. ಮುಂದಿನ ವರ್ಷ ವಿಶ್ವಕೋಶದ ಎಲ್ಲಿಯವರೋ ಒಬ್ಬ ಸಂಪಾದಕರು ಲೇಖನಕ್ಕೆ ಬಂದು, ಇದಕ್ಕೆ ಆಧಾರವೇನು ಎಂದು ಕೇಳಿದರು. ನಾನು ಠೀವಿಯಿಂದ ಸ್ಮರಣ ಸಂಚಿಕೆಯ ಪುಟ ಸಂಖ್ಯೆ ಕೊಟ್ಟೆ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ. ಸಭಿಕರೇ, ಅಂದು ನನಗೆ ಇದು ಮೋಸ ಅನ್ನಿಸಲಿಲ್ಲ. ಅಚ್ಚಾದದ್ದನ್ನು ನಂಬಿಯೇ ಬದುಕಿದವನು ನಾನು.

ಇಂದು ಈ ಓದುಮನೆಗೆ ಅಕ್ಕನ ಹೆಸರಿಡಲು ನಿರ್ಧಾರವಾಗಿದೆಯಲ್ಲ, ಆ ಕಡತ ನೋಡಿದ್ದೇನೆ. ಅದರಲ್ಲಿ ಎರಡು ಆಧಾರಗಳಿವೆ. ಒಂದು ಆ ಲೇಖನ, ಇನ್ನೊಂದು ಆ ಸಂಚಿಕೆ.

ನಾಲ್ಕು ವರ್ಷದ ಹಿಂದೆ ಲೇಖನಕ್ಕೆ ಹೊಸಬರೊಬ್ಬರು ಬಂದರು. "ದಾದಿಯ ಮಗಳು" ಎಂದು ಹೆಸರಿಟ್ಟುಕೊಂಡಿದ್ದರು. ಅಕ್ಕನ ಹೆಸರು ತೆಗೆದು ಬೇರೊಂದು ಹೆಸರು ಹಾಕಿದರು. ನಾನು ಅಳಿಸಿದೆ. ಮತ್ತೆ ಹಾಕಿದರು. ಮತ್ತೆ ಅಳಿಸಿದೆ. ಲೇಖನದ ಹಿಂದೆ ಚರ್ಚೆಗೆಂದು ಒಂದು ಪುಟವಿರುತ್ತದೆ, ಅಲ್ಲಿ ಅವರು ಬರೆದರು: "ಸರ್, ಅದು ನಮ್ಮಮ್ಮ. ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ರು. ನೀವು ಹೇಳ್ತಿರೋರಿಗಿಂತ ಒಂದು ವರ್ಷ ಮುಂಚೆ ಪಾಸಾದ್ರು." ನಾನೇನು ಉತ್ತರ ಕೊಟ್ಟೆ ಗೊತ್ತೇ? ಬಾಯಿಪಾಠವಿದೆ. "ಸ್ವಂತ ಸಂಬಂಧಿಕರ ಬಗ್ಗೆ ಬರೆಯುವುದು ನಿಯಮಕ್ಕೆ ವಿರುದ್ಧ. ತಾಯಿಯ ಮೇಲಿನ ಪ್ರೀತಿ ಆಧಾರವಾಗಲಾರದು. ಪ್ರಕಟವಾದ ಆಧಾರ ಕೊಡಿ." ಅಕ್ಕನ ಬಗ್ಗೆ ಬರೆದ ತಮ್ಮ, ಅಮ್ಮನ ಬಗ್ಗೆ ಬರೆದ ಮಗಳಿಗೆ ಕೊಟ್ಟ ಉಪದೇಶ ಇದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಾಲ್ಕು ವರ್ಷದಲ್ಲಿ ಏಳು ಸಲ ಹಾಕಿದರು. ಏಳು ಸಲ ಅಳಿಸಿದೆ. ಒಮ್ಮೆ ಅವರನ್ನು ತಡೆಯಬೇಕೆಂದು ವಿಶ್ವಕೋಶದ ಮೇಲ್ವಿಚಾರಕರಿಗೆ ದೂರನ್ನೂ ಕೊಟ್ಟೆ.

ಎರಡು ತಿಂಗಳ ಹಿಂದೆ ಚರ್ಚೆಯ ಪುಟದಲ್ಲಿ ಅವರು ಎರಡೇ ಸಾಲು ಬರೆದಿದ್ದರು. "ಅಮ್ಮ ಹೋದ್ರು. ಇನ್ಮೇಲೆ ನಾನು ಇಲ್ಲಿ ಬರೆಯಲ್ಲ, ನಿಮಗೆ ತೊಂದ್ರೆ ಇಲ್ಲ."

ಜಗಳವಾಡಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಜಗಳ ನನಗೆ ಅಭ್ಯಾಸ. "ನಿಮಗೆ ತೊಂದ್ರೆ ಇಲ್ಲ" ಎಂಬ ಮಾತು ಊಟ ಸೇರಗೊಡಲಿಲ್ಲ. ಮರುದಿನ ಬೆಳಿಗ್ಗೆ ಇದೇ ಕಟ್ಟಡದ ಕೆಳಗಿನ ಕೋಣೆಗೆ ಬಂದೆ. ಗ್ರಂಥಪಾಲಕರು ಬೀಗ ತೆಗೆದುಕೊಟ್ಟರು. ಮೊದಲ ವರ್ಷಗಳ ವಾರ್ಷಿಕ ವರದಿಗಳು ಅಲ್ಲೇ, ಕಪಾಟಿನ ಕೆಳಗಿನ ಅರೆಯಲ್ಲಿ ಇದ್ದವು. ಹುಡುಕಲು ಕಾಲು ಗಂಟೆಯೂ ಹಿಡಿಯಲಿಲ್ಲ. ಅಕ್ಕ ಪದವಿ ಪಡೆದ ಹಿಂದಿನ ವರ್ಷದ ವರದಿ, ನಲವತ್ತೊಂದನೇ ಪುಟ. ತರಗತಿಗೆ ಬರದೆ ಹೊರಗಿನಿಂದ ಪರೀಕ್ಷೆ ಕಟ್ಟಿ ಪದವಿ ಪಡೆದವರ ಪಟ್ಟಿ. ಒಂಬತ್ತು ಜನ ಗಂಡಸರು, ಹತ್ತನೆಯದು ದಾದಿಯ ಮಗಳು ಏಳು ಸಲ ಬರೆದ ಹೆಸರು. ಮುಂದೆ "ಶುಶ್ರೂಷಕಿ, ಆರೋಗ್ಯ ಕೇಂದ್ರ" ಎಂದು ಅಚ್ಚಾಗಿದೆ. ಅಚ್ಚಿನಲ್ಲಿ ಒಂದು ತಪ್ಪೂ ಇಲ್ಲ.

ಸಭಿಕರೇ, ನಮ್ಮ ಮನೆಯಿಂದ ಈ ಗ್ರಂಥಾಲಯಕ್ಕೆ ಹತ್ತು ನಿಮಿಷದ ದಾರಿ. ದಿನವೂ ಬೆಳಿಗ್ಗೆ ವಾಕಿಂಗಿಗೆ ಇದೇ ಗೋಡೆಯ ಪಕ್ಕ ಹೋಗುತ್ತೇನೆ. ದಾದಿಯ ಮಗಳಿರುವುದು ಬೇರೆ ಊರಿನಲ್ಲಿ, ಇಲ್ಲಿನ ಕಾರ್ಡಿಲ್ಲ, ಗುರುತಿನವರಿಲ್ಲ. ಆಧಾರ ಕೊಡಿ, ಆಧಾರ ಕೊಡಿ ಎಂದು ನಾಲ್ಕು ವರ್ಷ ಅವರನ್ನು ಪೀಡಿಸಿದೆನಲ್ಲ, ನಾನೇ ಒಮ್ಮೆ ಮೆಟ್ಟಿಲಿಳಿದು ನೋಡಬಾರದಿತ್ತೇ?

ಆ ಪುಟದ ಪ್ರತಿ ಮಾಡಿಸಿಕೊಂಡು ಅಕ್ಕನ ಮನೆಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಒದ್ದಾಡಿದೆ. ಕಲ್ಲು ಕೆತ್ತಲು ಕೊಟ್ಟಾಗಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಮಡಚಿ ವಾಪಸು ಕೊಟ್ಟಳು.

"ಗೊತ್ತಿತ್ತು ಕಣೋ," ಅಂದಳು.

"ಏನಕ್ಕ ಗೊತ್ತಿತ್ತು?"

"ಅವತ್ತು ಅವಳಿಗೆ ಗೌನ್ ಹಾಕಿ ಪಿನ್ ಚುಚ್ಚಿದವಳೇ ನಾನು. ಎಲ್ಲಾ ಗಂಡಸರ ಅಳತೆ, ಅವಳಿಗೆ ನೆಲಕ್ಕೆ ಎಳೀತಿತ್ತು. ಅಮ್ಮ ಅಲ್ಲೇ ನಿಂತು ಅಂಚು ಮಡಚಿ ಹೊಲಿದಳು. ಅಮ್ಮನಿಗೂ ಗೊತ್ತಿತ್ತು. 'ಕ್ಲಾಸಲ್ಲಿ ಕೂತು ಓದಿ ಪಾಸಾದ ಮೊದಲನೇ ಹುಡುಗಿ' ಅಂತ ಹೇಳ್ತಿದ್ದಳು ನನ್ನನ್ನ. ಹೇಳ್ತಾ ಹೇಳ್ತಾ ಕ್ಲಾಸು ಬಿದ್ದುಹೋಯ್ತು."

"ನೀನು ಬಾಯಿ ಬಿಡಬಾರದಿತ್ತಾ?"

"ಅಮ್ಮ ಇದ್ದಾಗ ಆಗ್ಲಿಲ್ಲ. ಹೋದ್ಮೇಲೆ ನೀನು ಬರೆದುಬಿಟ್ಟಿದ್ದೆ. ಓಡಿ ಬಂದು ತೋರಿಸಿದ್ಯಲ್ಲ, ಅಷ್ಟು ಖುಷೀಲಿದ್ದೆ. ಏನಂತ ಹೇಳ್ಲಿ ನಿಂಗೆ?" ಕನ್ನಡಕ ತೆಗೆದಿಟ್ಟು ಅಂದಳು, "ನಂಗೂ ಆಸೆ ಇತ್ತು ಕಣೋ. ಸುಳ್ಳು ಹೇಳಲ್ಲ."

ಎಪ್ಪತ್ತೊಂಬತ್ತು ವರ್ಷದ ಅಕ್ಕ, ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವಳು, ನನ್ನ ಮುಂದೆ ಮಗುವಿನಂತೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಆಮೇಲೆ ಮುಖ ತೊಳೆದು ಬಂದು ಹೇಳಿದಳು: "ಓದುಮನೆಗೆ ಅವಳ ಹೆಸರಿಡೋಕೆ ಹೇಳು. ನನಗೆ ಕೂತು ಓದೋಕೆ ಕ್ಲಾಸಿತ್ತು, ಬೆಂಚಿತ್ತು. ಅವಳು ಔಷಧಿ ಡಬ್ಬಗಳ ಮೇಲೆ ಪುಸ್ತಕ ಇಟ್ಕೊಂಡು ನಿಂತು ಓದಿದವಳು. ಜ್ವರದ ಮಾತ್ರೆ ತರೋಕೆ ಹೋದಾಗ ನಾನೇ ನೋಡಿದ್ದೀನಿ."

ಈ ಮಾತನ್ನು ಅಂದೇ ಕಾಗದದಲ್ಲಿ ಬರೆದು ಕುಲಸಚಿವರ ಕಚೇರಿಗೆ ಕೊಟ್ಟಿದ್ದೆ, ಉತ್ತರ ಬರದಿದ್ದಾಗ ನಿನ್ನೆ ಅವರಿಗೇ ನೇರವಾಗಿ ತಿಳಿಸಿದೆ. "ಕಲ್ಲು ಕೂರಿಸಿ ಆಗಿದೆ, ಅತಿಥಿಗಳು ಹೊರಟಾಗಿದೆ, ಕಾರ್ಯಕ್ರಮ ಮುಗೀಲಿ, ಆಮೇಲೆ ನೋಡೋಣ" ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸ್ವಾಮಿ, ಮುದ್ರಣಾಲಯದಲ್ಲಿ ಮೂವತ್ತೆರಡು ವರ್ಷ ಇದ್ದವನು ಹೇಳುತ್ತೇನೆ, ಅಚ್ಚಾದ ಮೇಲೆ ನೋಡೋಣ ಎಂದದ್ದನ್ನು ಯಾರೂ ನೋಡಿದ್ದಿಲ್ಲ. ಆದ್ದರಿಂದ ಮಾನ್ಯ ಕುಲಪತಿಗಳಲ್ಲಿ, ಮಾನ್ಯ ನ್ಯಾಯಾಧೀಶರಲ್ಲಿ ಅಕ್ಕನ ಪರವಾಗಿ ಕೈ ಮುಗಿದು ಕೇಳುತ್ತೇನೆ. ಇಂದು ಆ ಪರದೆ ಸರಿಸಬೇಡಿ. ಬೇರೆ ಕಲ್ಲು ಬರಲಿ.

ಲೇಖನವನ್ನು ಈ ಸಲ ನಾನು ಮುಟ್ಟಲಿಲ್ಲ. ನಲವತ್ತೊಂದನೇ ಪುಟದ ಚಿತ್ರವನ್ನು ಚರ್ಚೆಯ ಪುಟದಲ್ಲಿಟ್ಟು, ನಾನು ಇಂಥವರ ತಮ್ಮ, ನನ್ನನ್ನು ನಂಬಬೇಡಿ, ಬೇರೆ ಯಾರಾದರೂ ನೋಡಿ ತೀರ್ಮಾನಿಸಿ ಎಂದು ಬರೆದೆ. ಊರು ಮುಖ ಗೊತ್ತಿಲ್ಲದ ಒಬ್ಬರು ಇಂದು ಬೆಳಿಗ್ಗೆ ತಿದ್ದಿದ್ದಾರೆ. ಅಕ್ಕನ ಹೆಸರು ಅಲ್ಲಿಲ್ಲ. ತರಗತಿಯಲ್ಲಿ ಕೂತ ಮೊದಲ ಹುಡುಗಿ ಎನ್ನುವುದಕ್ಕೆ ಅಮ್ಮನ ಬಾಯಿ ಬಿಟ್ಟರೆ ಆಧಾರವಿಲ್ಲ, ಹಾಕುವಂತಿಲ್ಲ. ನನಗೆ ಸಂಕಟವಾಗುತ್ತದೆ. ಆದರೆ ಸರಿಯಾಗಿದೆ.

ಇನ್ನೊಂದೇ ಮಾತು. ಕುಲಸಚಿವರೇ, ಮುಗಿಸುತ್ತೇನೆ.

ಚರ್ಚೆಯ ಪುಟದಲ್ಲಿ ನನ್ನ ಫೋನ್ ನಂಬರನ್ನೂ ಬರೆದಿದ್ದೆ. ಕಳೆದ ವಾರ ದಾದಿಯ ಮಗಳು ಫೋನ್ ಮಾಡಿದರು. ನಾನು ಕ್ಷಮೆ ಕೇಳಿದೆ. ಈ ಕಾರ್ಯಕ್ರಮಕ್ಕೆ ಬನ್ನಿ ಎಂದೂ ಕರೆದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬೇರೊಂದು ವಿಷಯ ಕೇಳಿದರು:

"ಸರ್, ಎರಡು ವರ್ಷದ ಹಿಂದೆ ನೀವು ಎಲ್ಲಾದ್ರೂ ಹೋಗಿದ್ರಾ? ಬೇರೆ ಸಲ ಎಲ್ಲಾ ಒಂದು ಗಂಟೆ ಒಳಗೆ ಅಳಿಸ್ತಿದ್ರಿ. ಆ ಒಂದು ಸಲ ಮೂರು ದಿನ ಬಿಟ್ಟಿದ್ರಿ."

ಯೋಚಿಸಿದೆ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಒಂದು ವಾರ ಕಂಪ್ಯೂಟರ್ ನೋಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವರಿಗೆ ಅದನ್ನೇ ಹೇಳಿದೆ.

"ಹೌದಾ," ಅಂದರು. "ಆ ಮೂರು ದಿನ ಅಮ್ಮ ಮನೆಗೆ ಬಂದೋರಿಗೆಲ್ಲ ತೋರಿಸಿದ್ರು ಸರ್. ಹಾಲು ಹಾಕೋನಿಗೂ ತೋರಿಸಿದ್ರು. ನಾಲ್ಕನೇ ದಿನ ಪಕ್ಕದ ಮನೆಯವರನ್ನ ಕರ್ಕೊಂಡು ಬಂದ್ರು. ನಾನು ತೆಗೆದು ನೋಡಿದ್ರೆ, ಇಲ್ಲ. ಇವತ್ತು ನೆಟ್ ಇಲ್ಲಮ್ಮ ಅಂದೆ. ಆಮೇಲೆ ಅವರು ಕೇಳಿದಾಗ್ಲೆಲ್ಲ ಹಾಗೇ ಹೇಳ್ತಿದ್ದೆ."

ಸಭಿಕರೇ, ಡಾಕ್ಟರ ಮಾತು ಕೇಳದೆ ನಾನು ನಾಲ್ಕನೇ ದಿನವೇ ಕಂಪ್ಯೂಟರ್ ಮುಂದೆ ಕೂತಿದ್ದೆ. ಕೇಳಿದ್ದರೆ ಆ ತಾಯಿಗೆ ಇನ್ನೂ ನಾಲ್ಕು ದಿನ ಸಿಗುತ್ತಿತ್ತು.

ದಾದಿಯ ಮಗಳು ಈ ಸಭೆಯಲ್ಲಿದ್ದಾರೋ ಇಲ್ಲವೋ ನನಗೆ ತಿಳಿಯದು, ಅವರ ಮುಖ ನಾನು ನೋಡಿಲ್ಲ. ಇದ್ದರೆ ಅವರಿಗೆ ಹೇಳುತ್ತೇನೆ. ಅಮ್ಮಾ, ಇಂದು ಬೆಳಿಗ್ಗೆಯಿಂದ ನಿಮ್ಮ ತಾಯಿಯ ಹೆಸರು ಅಲ್ಲಿದೆ. ನಾನು ಅಳಿಸುವುದಿಲ್ಲ. ಮನೆಗೆ ಹೋದ ಮೇಲೆ ಪಕ್ಕದ ಮನೆಯವರನ್ನು ಕರೆದು ತೋರಿಸಿ.

ಇಷ್ಟು ಹೊತ್ತು ಸಹಿಸಿಕೊಂಡ ವೇದಿಕೆಯ ಹಿರಿಯರಿಗೆ, ಹೇಳು ಎಂದು ಬೆನ್ನು ತಟ್ಟಿ ಕಳಿಸಿದ ನನ್ನ ಅಕ್ಕನಿಗೆ, ಕೇಳಿದ ನಿಮ್ಮೆಲ್ಲರಿಗೆ ನಾನು ಋಣಿ. ನಮಸ್ಕಾರ.