ಖಾಲಿ ಹೊಟ್ಟೆಯ ರಕ್ತ

ಶಿಗ್ಗಾಂವ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇಂದಿರಾಬಾಯಿ ಹರಿನಾಮ ಎಣಿಸುತ್ತ ಕೂತಿದ್ದರು. ಪಕ್ಕದಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳಿದ್ದಳು. ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆಯವರ ರಕ್ತ ತೆಗೆದು ತರುವ ಹುಡುಗಿ, ಕೈಯಲ್ಲಿ ಡಬ್ಬಿ ಹಿಡಿದೇ ಅವಳೆದುರು ಬಂದು ನಿಂತಳು.

"ಹೊಳೆವ್ವಕ್ಕ, ತಪ್ಪು ನಂದರಿ. ನಿಮ್ಮ ಯಜಮಾನ್ರಿಗೆ ಖಾಲಿ ಹೊಟ್ಟೀಲೆ ಇರ್ರಿ ಅಂತ ಹೇಳಿ ನಾನ ತಡಾ ಮಾಡಿ ಬಂದೆ."

"ಅಂವ ಗುಳಿಗಿ ನುಂಗಿ ಕುಂತಿದ್ದ, ಮಾಲಾ."

"ಅದಕ್ಕ ಸಕ್ಕರಿ ನಲವತ್ತಕ್ಕ ಇಳದಿತ್ತರಿ. ಅಷ್ಟು ಇಳದ್ರ ಮನಷ್ಯಾಗ ಖಬರ ಇರೂದಿಲ್ಲ. ಒನಕಿ ಎತ್ತಿದ್ದೂ ಅವರಿಗೆ ಗೊತ್ತಿಲ್ಲ."

"ಏಳು ಹೊಲಿಗಿ ಬಿದ್ದಾವು."

"ಹೊಡದದ್ದು ರೋಗರಿ, ಅವರಲ್ಲ. ಮನೀಗೆ ನಡೀರಿ."

ಇಂದಿರಾಬಾಯಿಯವರ ಬೆರಳು ತುಳಸಿಮಣಿಯ ಮೇಲೆ ನಿಂತೇಬಿಟ್ಟಿತು. ಹೊಳೆವ್ವ ತಲೆಯ ಪಟ್ಟಿ ಸರಿಮಾಡಿಕೊಂಡಳು.

"ಹ್ವಾದ ವರ್ಷ ಉಂಡು ಕೈ ತೊಳಕೊಂಡು ಬಂದು ನನ್ನ ಕೈ ಮುರದ. ಮದಿವಿ ಆದ ವರ್ಷ ಹೋಳಿಗಿ ಉಂಡು ಎದ್ದು ಎರಡು ಹಲ್ಲು ಉದರಿಸಿದ. ಆವತ್ತ ಯಾವ ಸಕ್ಕರಿ ಇಳದಿತ್ತು, ತಂಗಿ?"

ಹಿರೇಕೆರೂರ ಬಸ್ಸು ಬಂದು ನಿಂತಿತು. ಹೊಳೆವ್ವ ಗಂಟು ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟವಳು, ಹೊರಳಿ ನೋಡಿದಳು.

"ನಾಳೆ ಅವನ ರಕ್ತ ತಗೊಳ್ಳಾಕ ಒಬ್ಬಾಕೀನ ಹೋಗಬ್ಯಾಡ. ನಡುವ ಬರಾಕ ನಾ ಇರಾಂಗಿಲ್ಲ."