ಆರನೆಯ ಬಿಲ್ಲೆ

ಎರಡನೆಯ ಸಾಲಿನಲ್ಲಿ ಒಂದು ಟವೆಲ್ ಕೂತಿದೆ, ನೋಡಿ. ಒಪ್ಪವಾಗಿ ಮಡಚಿಕೊಂಡು ಒಂದಿಡೀ ಕುರ್ಚಿ ಹಿಡಿದು ಕೂತಿದೆ. ಒಳಗೆ ಬರುವಾಗಲೇ ಯಾರದಪ್ಪಾ ಇದು ಎಂದು ಕೇಳಿದೆ. ಪಕ್ಕದ ಹಿರಿಯರು, "ಇದ್ದಾರೆ ಬುದ್ಧಿ, ಇಲ್ಲೇ ಹೊರಗಿದ್ದಾರೆ, ಬಂದ್ಬಿಡ್ತಾರೆ" ಎಂದರು. ಸಂತೋಷ. ಟವೆಲಿಗೂ ಪ್ರವಚನ ಕೇಳಿದ ಪುಣ್ಯ ಬರಲಿ. ನಕ್ಕಿದ್ದು ಸಾಕು; ಆ ಟವೆಲನ್ನು ಮಾತ್ರ ನೆನಪಿಟ್ಟುಕೊಳ್ಳಿ. ಇವತ್ತಿನ ಮಾತು ಹೊಣೆಯ ಬಗ್ಗೆ. ಅದಕ್ಕೊಂದು ದೃಷ್ಟಾಂತ.

ಕಡಲ ದಂಡೆಯ ಒಂದು ಪಟ್ಟಣ. ಅಲ್ಲೊಬ್ಬ ಸಾಹುಕಾರ. ಹೆಂಚಿನ ಕಾರ್ಖಾನೆ, ಎರಡು ಅಂಗಡಿ, ಮಾತಿಗೆ ಮುಂಚೆ ನಗು. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕಥೆಯಲ್ಲಿ ಸಾಹುಕಾರ ಬಂದ ಕೂಡಲೇ ನೀವು ಅವನನ್ನು ಕೆಟ್ಟವನೆಂದು ತೀರ್ಮಾನಿಸಿ, ಇದು ನಮಗೆ ಹೇಳಿದ್ದಲ್ಲ ಎಂದು ಆರಾಮಾಗಿ ಕೂತುಬಿಡುತ್ತೀರಿ. ಹಾಗೆ ತಪ್ಪಿಸಿಕೊಳ್ಳಲು ನಾನು ಬಿಡುವುದಿಲ್ಲ. ಅವನು ಒಳ್ಳೆಯವನು. ಯಾರದೇ ಕೆಲಸ ಕಂಡರೂ ಮೈಮೇಲೆ ಎಳೆದುಕೊಳ್ಳುವವನು. ಅರ್ಜಿಗೆ ಸಾಕ್ಷಿ ಸಹಿ ಬೇಕೇ? ಓದುವುದೂ ಇಲ್ಲ, ಹಾಕುತ್ತಾನೆ. ಛತ್ರಕ್ಕೆ ಅಡುಗೆಯವರು ಬಂದರೇ ಎಂದು ಹೆಣ್ಣಿನ ಅಪ್ಪ ಗಾಬರಿಯಿಂದ ಕೇಳಿದರೆ, "ಬಂದಿರ್ತಾರೆ, ನಾನಿದ್ದೀನಲ್ಲ" ಎನ್ನುತ್ತಾನೆ. ನಾನಿದ್ದೀನಲ್ಲ. ಈ ಮಾತು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಆ ಪಟ್ಟಣದಲ್ಲಿ ಸಮುದ್ರದೊಳಕ್ಕೆ ಇಳಿಯುವವರ ಒಂದು ಸಂಘವಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತಳಕ್ಕೆ ಹೋಗಿ ಮೀನು, ಹವಳ ನೋಡಿ ಬರುತ್ತಾರಲ್ಲ, ಸ್ಕೂಬಾ ಎನ್ನುತ್ತಾರಲ್ಲ, ಅದು. ಸ್ವಾಮಿಗಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಮುಖ ಮುಖ ನೋಡಿಕೊಳ್ಳಬೇಡಿ. ನೀವು ಮಠಕ್ಕೆ ಬಂದು ಬರೀ ಕಷ್ಟ ಹೇಳಿಕೊಳ್ಳುತ್ತೀರಿ. ಕೆಲವರು ಕಥೆಯನ್ನೂ ಹೇಳುತ್ತಾರೆ. ಸಾಹುಕಾರ ಐವತ್ತು ದಾಟಿದ ಮೇಲೆ ಹುಮ್ಮಸ್ಸಿನಿಂದ ಆ ಸಂಘ ಸೇರಿದ, ಈಜು ಕಲಿತ, ಪರೀಕ್ಷೆ ಪಾಸು ಮಾಡಿದ.

ಆ ದಿನ ಹನ್ನೆರಡು ಜನ ದೋಣಿಯಲ್ಲಿ ಒಂದು ದ್ವೀಪಕ್ಕೆ ಹೊರಟರು. ಸಂಘದ ಮುಖ್ಯಸ್ಥೆ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ದೋಣಿ ನಡೆಸುವ ತಾಂಡೇಲ ಮಾತು ಕಡಿಮೆಯ ಮನುಷ್ಯ. ಮೇಡಂ ನಿಯಮ ಹೇಳಿದಳು.

"ನಿನ್ನೆ ಕುಡಿದವ್ರು ಇವತ್ತು ಇಳಿಯೋ ಹಾಗಿಲ್ಲ. ನೆಗಡಿ, ಕಿವಿನೋವು ಇದ್ರೆ ಈಗ್ಲೇ ಹೇಳಿ, ನಾಚಿಕೆ ಬೇಡ. ಇಬ್ಬಿಬ್ರು ಜೊತೆ. ಒಟ್ಟಿಗೆ ಇಳೀಬೇಕು, ಒಟ್ಟಿಗೆ ಏಳ್ಬೇಕು, ಏಣಿ ಹತ್ತೋವರೆಗೂ ಒಬ್ರ ಮೇಲೆ ಒಬ್ರ ಕಣ್ಣಿರ್ಬೇಕು. ಕೊನೇದು ಈ ಹಲಗೆ."

ತಾಂಡೇಲನ ಕೋಣೆಯ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಹನ್ನೆರಡು ಮೊಳೆ, ಹನ್ನೆರಡು ಹಿತ್ತಾಳೆ ಬಿಲ್ಲೆ, ಒಂದೊಂದರ ಮೇಲೆ ಒಂದೊಂದು ಅಂಕಿ. ನೀರಿಗೆ ಇಳಿಯುವವರು ತಮ್ಮ ಬಿಲ್ಲೆ ತೆಗೆದು ಮೈಮೇಲಿನ ಪಟ್ಟಿಗೆ ಸಿಕ್ಕಿಸಿಕೊಳ್ಳಬೇಕು. ಮೇಲೆ ಬಂದ ಮೇಲೆ ಮತ್ತೆ ಮೊಳೆಗೆ ಹಾಕಬೇಕು. ಹಲಗೆ ತುಂಬಿದರೆ ಮಾತ್ರ ಇಂಜಿನ್ ಶುರು. ಒಂದು ಮೊಳೆ ಖಾಲಿ ಇದ್ದರೂ ದೋಣಿ ಕದಲುವುದಿಲ್ಲ.

"ನಿಮ್ಮ ಬಿಲ್ಲೆ, ನಿಮ್ಮ ಕೈ," ಎಂದಳು ಮೇಡಂ. ಮೂರು ಸಲ ಎಂದಳು. ಎಲ್ಲರೂ ತಲೆಯಾಡಿಸಿದರು, ಈಗ ನೀವು ಆಡಿಸುತ್ತಿದ್ದೀರಲ್ಲ, ಹಾಗೆಯೇ.

ಸಾಹುಕಾರನಿಗೆ ಜೊತೆಯಾದವರು ಒಬ್ಬ ನಿವೃತ್ತ ಮೇಷ್ಟ್ರು. ಸಣಕಲು ದೇಹ, ದಪ್ಪ ಕನ್ನಡಕ. ಸಾಹುಕಾರನದು ಐದನೆಯ ಬಿಲ್ಲೆ, ಮೇಷ್ಟ್ರದು ಆರನೆಯದು. ಮಧ್ಯಾಹ್ನ ಎರಡನೆಯ ಸಲ ಇಳಿಯುವಾಗ ಮೇಷ್ಟ್ರ ಬಿಲ್ಲೆಯ ಕೊಂಡಿ ಪಟಕ್ಕೆಂದು ಮುರಿಯಿತು.

"ಕೊಡಿ ಇಲ್ಲಿ, ನನ್ನ ಜೇಬಲ್ಲಿರ್ಲಿ."

"ಅಲ್ಲ, ಮೇಡಂ ಏನೋ ಹೇಳಿದ್ರಲ್ಲ..."

"ಒಟ್ಟಿಗೇ ತಾನೇ ಬರೋದು ಮೇಷ್ಟ್ರೇ? ನಾನಿದ್ದೀನಲ್ಲ!"

ಮೇಷ್ಟ್ರು ಕೊಟ್ಟರು. ಜಗಳವೇಕೆ ಎಂಬ ಸಂಕೋಚ. ಕನ್ನಡಕದ ಡಬ್ಬಿಯನ್ನೂ ಸಾಹುಕಾರನ ಚೀಲದ ಪಕ್ಕ ಇಟ್ಟು ನೀರಿಗೆ ಇಳಿದರು.

ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಒಟ್ಟಿಗೇ ಎದ್ದರು. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಮೇಲೆ ಗಾಳಿ ಎದ್ದಿತ್ತು, ದೋಣಿ ಹೊಯ್ದಾಡುತ್ತಿತ್ತು, ಸಾಹುಕಾರನ ಹೊಟ್ಟೆ ತೊಳಸುತ್ತಿತ್ತು. ಏಣಿಯ ಹತ್ತಿರ ಮೇಷ್ಟ್ರು ಕಾಲಿಗೆ ಹಾಕಿದ್ದ ಈಜುರೆಕ್ಕೆ, ಅದೇ ಫಿನ್, ಬಿಚ್ಚುವಾಗ ಅದು ಕೈಜಾರಿ ತೇಲಿಹೋಯಿತು. "ನೀವು ಹತ್ತಿ ಸಾಹುಕಾರ್ರೇ. ಅಲ್ಲೇ ಕಾಣ್ತಾ ಇದೆ, ಹಿಡ್ಕೊಂಡು ಬರ್ತೀನಿ" ಎಂದು ಅವರು ದೋಣಿಯ ಹಿಂಬದಿಗೆ ತಿರುಗಿದರು.

ಸಾಹುಕಾರ ಹತ್ತಿದ. ಅಂಚಿಗೆ ಬಾಗಿ ವಾಂತಿ ಮಾಡಿಕೊಂಡ. ಬಾಯಿ ತೊಳೆದು ಹಲಗೆಯ ಮುಂದೆ ನಿಂತು ಪಟ್ಟಿಯಿಂದ ತನ್ನದನ್ನು ಬಿಚ್ಚಿದ, ಜೇಬಿನಿಂದ ಮೇಷ್ಟ್ರದನ್ನು ತೆಗೆದ. ಕೈಯಲ್ಲಿ ಎರಡು ಬಿಲ್ಲೆ. ಎರಡನ್ನೂ ಹಾಕಿದ. ಕೈ ಒಂದು ಕ್ಷಣವೂ ತಡೆಯಲಿಲ್ಲ. ಮೇಷ್ಟ್ರು ಬಂದೇ ಬರುತ್ತಾರಲ್ಲ, ಅವರಿಗೊಂದು ಕೆಲಸ ತಪ್ಪಿತು! ಇದನ್ನು ಯಾರು ದ್ರೋಹ ಎನ್ನುತ್ತಾರೆ, ಹೇಳಿ? ಇದು ಉಪಕಾರ. ಉಪಕಾರವೆಂದೇ ಅವನು ಮಾಡಿದ. ಆಮೇಲೆ ನೆರಳಲ್ಲಿ ಕಣ್ಣು ಮುಚ್ಚಿ ಒರಗಿದ.

ಉಳಿದವರು ಒಬ್ಬೊಬ್ಬರಾಗಿ ಮುಂಬದಿಯ ಏಣಿಯಿಂದ ಹತ್ತಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಯ ಬಿಲ್ಲೆ ಬಿದ್ದಾಗ ಪಡುವಣದಲ್ಲಿ ಮೋಡ ಕಪ್ಪಾಗಿತ್ತು.

"ಎಲ್ಲ ಬಂದ್ರಾ?" ಎಂದು ಮೇಡಂ ಸಿಲಿಂಡರ್ ಕಟ್ಟುತ್ತಾ ಕೂಗಿದಳು.

"ಬಂದ್ರು ಬಂದ್ರು. ಹೊರಡಿ ಮೇಡಂ, ನನ್ನ ಹೊಟ್ಟೆ ಬಾಯಿಗೆ ಬಂದಿದೆ," ಎಂದವನು ಯಾರು? ಸಾಹುಕಾರ. ಕಣ್ಣು ಬಿಟ್ಟೂ ಇರಲಿಲ್ಲ.

ಮೇಡಂ ಹಲಗೆ ನೋಡಿದಳು. ತುಂಬಿತ್ತು. ತಾಂಡೇಲ ಲಂಗರು ಎತ್ತಿದ. ದೋಣಿ ಹೊರಟಿತು.

ಕಾಲು ಗಂಟೆ ಸಾಗಿದ ಮೇಲೆ ಸಾಹುಕಾರನ ಹೊಟ್ಟೆ ಸ್ವಲ್ಪ ತಣ್ಣಗಾಯಿತು. ಕಾಲು ಚಾಚಿದ. ಪಾದಕ್ಕೆ ಏನೋ ತಾಗಿತು. ಕನ್ನಡಕದ ಡಬ್ಬಿ.

"ಮೇಷ್ಟ್ರೇ, ನಿಮ್ಮ ಕನ್ನಡಕ!" ಎಂದು ಕೂಗಿದ.

ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದ. ಎದ್ದು ಸಿಲಿಂಡರ್‌ಗಳ ಹಿಂದೆ ನೋಡಿದ, ದೋಣಿಯ ಮೂತಿಯ ಕಡೆ ನೋಡಿದ, ಶೌಚದ ಬಾಗಿಲು ತಳ್ಳಿದ. ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇಲ್ಲ. ಆಗ ಹಲಗೆಯ ಕಡೆ ತಿರುಗಿದ. ಆರನೆಯ ಮೊಳೆಯಲ್ಲಿ ಬಿಲ್ಲೆ ಅಲುಗಾಡುತ್ತಿತ್ತು. ಅದನ್ನು ಹಾಕಿದ ಕೈ ಯಾರದೆಂದು ಆ ದೋಣಿಯಲ್ಲಿ ಒಬ್ಬನಿಗೇ ಗೊತ್ತಿತ್ತು.

ಈಗ ಕೇಳಿ, ಆ ಮನುಷ್ಯ ಏನು ಮಾಡಬೇಕಿತ್ತು? ಕಿರುಚಬೇಕಿತ್ತು. ಅವನು ಕಿರುಚಲಿಲ್ಲ. ಎರಡು ನಿಮಿಷ ಸುಮ್ಮನೆ ನಿಂತ. ಜನ ಏನೆನ್ನುತ್ತಾರೆ? ಪಟ್ಟಣದಲ್ಲಿ ಹೇಗೆ ತಲೆ ಎತ್ತಲಿ? ನಾನೇ ಹಾಕಿದೆನೋ, ಅವರೇ ಹಾಕಿ ಮತ್ತೆ ಇಳಿದರೋ? ಹೌದು, ಹಾಗೂ ಆಗಿರಬಹುದಲ್ಲ! ನೋಡಿ, ಮನಸ್ಸು ಎಂಥ ವಕೀಲ. ಕಕ್ಷಿದಾರ ಬಾಯಿ ಬಿಡುವ ಮೊದಲೇ ವಾದ ಸಿದ್ಧ. ಆ ಎರಡು ನಿಮಿಷ ಇಂಜಿನ್ ನಿಂತಿರಲಿಲ್ಲ. ದೋಣಿ ದಡದತ್ತ ಓಡುತ್ತಲೇ ಇತ್ತು, ಮೇಷ್ಟ್ರು ದೂರವಾಗುತ್ತಲೇ ಇದ್ದರು.

ಕಡೆಗೆ ಕೂಗಿದ. "ನಿಲ್ಸಿ! ಮೇಷ್ಟ್ರು ಇಲ್ಲ!"

ಮೇಡಂಳ ಮುಖ ಬಿಳಿಚಿತು. ತಾಂಡೇಲ ಬೈಯಲಿಲ್ಲ. ದೋಣಿ ತಿರುಗಿಸುತ್ತಲೇ ಕೇಳಿದ.

"ಅವ್ರನ್ನು ಕಡೆಗೆ ಯಾವಾಗ ಕಂಡದ್ದು? ಸಮ ಹೇಳಿ."

"ಇಂಜಿನ್ ಶುರುವಾಗೋಕೆ ಒಂಚೂರು ಮುಂಚೆ... ಆಗ್ಲೇ. ಏಣಿ ಹತ್ರಾನೇ ಇದ್ರು. ಬಿಲ್ಲೆ ಹಾಕಿ ಮತ್ತೆ ಇಳಿದ್ರು ಅಂತ ಕಾಣುತ್ತೆ."

ಸುಳ್ಳು. ಎಷ್ಟು ಸಣ್ಣ ಸುಳ್ಳು ನೋಡಿ! ಮೇಷ್ಟ್ರನ್ನು ಬಿಟ್ಟು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗಿದ್ದೆ ಎನ್ನಲು ನಾಚಿಕೆಯಾಗಿ, ಆ ಇಪ್ಪತ್ತು ನಿಮಿಷವನ್ನು ನುಂಗಿಬಿಟ್ಟ, ಅಷ್ಟೇ.

ಲಂಗರು ಹಾಕಿದ್ದ ಜಾಗಕ್ಕೆ ಮರಳಿದರು. ಅಲ್ಲಿ ಬರೀ ನೀರು. ತಾಂಡೇಲ ಒಂದು ತೆಂಗಿನ ಸಿಪ್ಪೆಯನ್ನು ನೀರಿಗೆ ಎಸೆದು, ಅದು ಯಾವ ಕಡೆ, ಎಷ್ಟು ಬೇಗ ಸಾಗುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿದ. "ನೀರು ಬಡಗು ದಿಕ್ಕಿಗೆ ಎಳೀತಾ ಉಂಟು," ಎಂದ. ನೀರಲ್ಲಿ ಬಿಟ್ಟುಹೋದ ಮನುಷ್ಯ ಎಷ್ಟು ಹೊತ್ತು ತೇಲಿದ್ದಾನೆಂದು ಗೊತ್ತಾದರೆ ಎಲ್ಲಿರಬಹುದೆಂದು ತಾಂಡೇಲ ಹೇಳಬಲ್ಲ. ಸಾಹುಕಾರ ಕೊಟ್ಟ ಹೊತ್ತನ್ನೇ ನಂಬಿ ಉತ್ತರಕ್ಕೆ ಅಷ್ಟು ದೂರ ಹೋಗಿ ಸುತ್ತು ಹಾಕಿದ. ಇಲ್ಲ. ಇನ್ನೊಂದು ಸುತ್ತು. ಇಲ್ಲ. ಹನ್ನೊಂದು ಜನ ಹನ್ನೊಂದು ದಿಕ್ಕು ನೋಡುತ್ತಾ ಕೂಗಿದರು. ತಾಂಡೇಲ ಆಗಾಗ ಇಂಜಿನ್ ನಿಲ್ಲಿಸಿ ಕಿವಿಗೊಡುತ್ತಿದ್ದ. ಅಲೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಮೋಡ ಸೂರ್ಯನ ಹತ್ತಿರ ಬಂದಿತ್ತು. ಅದು ಮುಚ್ಚಿದರೆ ನೀರಿನ ಮೇಲೆ ಒಂದು ತಲೆಯನ್ನು ಗುರುತಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

"ಇಲ್ಲೇ ಇರ್ಬೇಕಿತ್ತು," ಎಂದ ತಾಂಡೇಲ. "ನನ್ನ ಲೆಕ್ಕ ತಪ್ಪುದಿಲ್ಲ. ಇಲ್ಲ ಅಂದ್ರೆ..." ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅದನ್ನು ಕಂಡು ಸಾಹುಕಾರನ ಎದೆ ಒಡೆಯಿತು. ಕನ್ನಡಕದ ಡಬ್ಬಿ ಇನ್ನೂ ಅವನ ಕೈಯಲ್ಲೇ ಇತ್ತು. ಇಪ್ಪತ್ತು ನಿಮಿಷ! ಬಾಯಿ ಬಿಟ್ಟರೆ ಅವನ ಮಾನ ಹೋಗುತ್ತದೆ. ಬಿಡದಿದ್ದರೆ ಮೇಷ್ಟ್ರು ಹೋಗುತ್ತಾರೆ.

"ನಾನು ಸುಳ್ಳು ಹೇಳ್ದೆ," ಎಂದ. ತಾಂಡೇಲನ ಹತ್ತಿರ ಹೋಗಿ ಮತ್ತೆ ಹೇಳಿದ. "ಸುಳ್ಳು ಹೇಳ್ದೆ ನಾನು. ಅವ್ರು ಏಣಿ ಹತ್ಲೇ ಇಲ್ಲ. ಎರಡೂ ಬಿಲ್ಲೆ ನಾನೇ ಹಾಕ್ದೆ. ಅವ್ರನ್ನ ಕಡೆಗೆ ನೋಡಿದ್ದು ಇಂಜಿನ್ ಶುರು ಆಗೋಕೆ ಇಪ್ಪತ್ತು ನಿಮಿಷ ಮುಂಚೆ."

ತಾಂಡೇಲ ಅವನ ಮುಖವನ್ನು ಒಮ್ಮೆ ನೋಡಿದ. "ಇದನ್ನು ಆಗ್ಲೇ ಹೇಳ್ಬಾರ್ದಿತ್ತಾ ಮಾರಾಯ್ರೇ," ಎಂದಷ್ಟೇ ಹೇಳಿ ಬಟ್ಟೆಯನ್ನು ತಲೆಗೆ ಸುತ್ತಿ, ದೋಣಿಯ ಮೂತಿಯನ್ನು ಮತ್ತೂ ಉತ್ತರಕ್ಕೆ ತಿರುಗಿಸಿದ.

ದೂರ ಸಾಗಿದ ಮೇಲೆ ಇಂಜಿನ್ ನಿಲ್ಲಿಸಿದ. ಮೊದಲು ಕೇಳಿಸಿಕೊಂಡವಳು ಮೇಡಂ. ಸೀಟಿ. ತೀರ ಸಣ್ಣಗೆ. ಮೂರು ಸಲ ಊದಿ ನಿಲ್ಲುವುದು, ಮತ್ತೆ ಮೂರು ಸಲ. ಅಲೆಯ ಬೆನ್ನಿನ ಮೇಲೆ ಕಿತ್ತಳೆ ಬಣ್ಣದ್ದೇನೋ ಕಂಡು ಮರೆಯಾಯಿತು. ಮೇಷ್ಟ್ರು ಕಲಿತ ಪಾಠವನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು. ಸೆಳೆತದ ವಿರುದ್ಧ ಈಜಿ ಸುಸ್ತಾಗಿರಲಿಲ್ಲ. ಜೊತೆಗಿದ್ದ ಕಿತ್ತಳೆ ಬಣ್ಣದ ಗುರುತಿನ ಕೊಳವೆಗೆ ಗಾಳಿ ತುಂಬಿ ಎತ್ತಿ ಹಿಡಿದು, ಸೀಟಿ ಕಚ್ಚಿಕೊಂಡು ತೇಲುತ್ತಿದ್ದರು.

ಮೇಲೆ ಎಳೆದುಕೊಂಡಾಗ ತುಟಿ ನೀಲಿಯಾಗಿತ್ತು, ಸೀಟಿ ಹಲ್ಲಿನಿಂದ ಬಿಡಿಸಲು ಬರುತ್ತಿರಲಿಲ್ಲ. ಚಾದರ ಹೊದಿಸಿದರು, ಬಿಸಿನೀರು ಕುಡಿಸಿದರು. ಎಷ್ಟೋ ಹೊತ್ತಿನ ಮೇಲೆ ಮೇಷ್ಟ್ರು ಅಂದರು, "ಕನ್ನಡಕ ಇಲ್ದೆ ದೋಣಿ ಹೋಗಿದ್ದು ಕಾಣ್ಲಿಲ್ಲ. ಸದ್ದು ಸಣ್ಣಗಾಗ್ತಾ ಹೋಯ್ತು. ನನ್ನ ಬಿಲ್ಲೆ ಬಿಟ್ಟು ಹೊರಡಲ್ವಲ್ಲ, ಇದು ಬೇರೆ ದೋಣಿ ಇರ್ಬೇಕು ಅಂದ್ಕೊಂಡೆ."

ಬೇರೆ ದೋಣಿ ಇರಬೇಕು. ಅಷ್ಟು ನಂಬಿದ್ದರು ಆ ಮನುಷ್ಯ.

ಸಾಹುಕಾರ ಡಬ್ಬಿ ಚಾಚಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡರು, ಹಲಗೆ ನೋಡಿದರು. ಹನ್ನೆರಡೂ ಮೊಳೆ ತುಂಬಿದ್ದವು. ಅವರಿಗೆ ಎಲ್ಲವೂ ಅರ್ಥವಾಯಿತು. ಮೆಲ್ಲಗೆ ಎದ್ದು, ಗೋಡೆ ಹಿಡಿದು ಹೋಗಿ, ಆರನೆಯ ಬಿಲ್ಲೆಯನ್ನು ಮೊಳೆಯಿಂದ ತೆಗೆದರು. ಒಂದು ಕ್ಷಣ ಅಂಗೈಯಲ್ಲಿ ಇಟ್ಟುಕೊಂಡರು. ಆಮೇಲೆ ತಮ್ಮ ಕೈಯಿಂದಲೇ ಮತ್ತೆ ಮೊಳೆಗೆ ಹಾಕಿದರು.

"ಈಗ ಹೊರಡಿ," ಎಂದರು.

ಸಾಹುಕಾರ ಮುಖ ಮುಚ್ಚಿಕೊಂಡು ಅತ್ತ.

ತಾಯಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ಯಾರೂ ಸಮುದ್ರಕ್ಕೆ ಹೋಗುವುದಿಲ್ಲ, ನನಗೆ ಗೊತ್ತು. ಆದರೆ ದಿನಕ್ಕೆ ಎಷ್ಟು ಬಿಲ್ಲೆ ಹಾಕುತ್ತೀರಿ? ಅತ್ತೆಯ ಮಾತ್ರೆ ಆಯಿತೇ ಎಂದರೆ ಮೊಬೈಲಿನಿಂದ ತಲೆ ಎತ್ತದೆ "ಆಯ್ತು" ಎನ್ನುತ್ತೀರಿ. ಅದು ಬಿಲ್ಲೆ. ಮಗಳು ಯಾಕೆ ಮಂಕಾಗಿದ್ದಾಳೆ ಎಂದು ಯಾರಾದರೂ ಕೇಳಿದರೆ "ಏನಿಲ್ಲ, ಪರೀಕ್ಷೆ ಅಲ್ವಾ" ಎಂದು ಅವಳ ಬದಲು ನೀವೇ ಉತ್ತರ ಕೊಡುತ್ತೀರಿ. ಅದೂ ಬಿಲ್ಲೆಯೇ! ಅವಳು ಎಲ್ಲಿ ತೇಲುತ್ತಿದ್ದಾಳೋ, ನೋಡಿದ್ದೀರಾ? ಗ್ಯಾಸ್ ಆರಿಸಿದ್ದೀರಾ ಎಂದರೆ "ಹೂಂ". ಎದ್ದು ನೋಡಿ ಹೂಂ ಎಂದಿರೋ, ಕೂತಲ್ಲೇ ಎಂದಿರೋ?

ಇಂದಿನಿಂದ ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ಇನ್ನೊಬ್ಬರ ವಿಷಯ ಕೇಳಿದಾಗ, ಕಣ್ಣಾರೆ ನೋಡದೆ ಹೌದು ಎನ್ನಬೇಡಿ. "ತಡೀರಿ, ನೋಡಿ ಬರ್ತೀನಿ" ಎನ್ನಿ. ಎದ್ದು ಹೋಗಿ. ಮುಖ ನೋಡಿ. ಅವರ ಉತ್ತರವನ್ನು ಅವರ ಬಾಯಿಂದಲೇ ಕೇಳಿ. ಒಂದು ವೇಳೆ ನೋಡದೆ ಹೇಳಿಬಿಟ್ಟರೆ, ತಪ್ಪು ಗೊತ್ತಾದ ಕೂಡಲೇ ಪೂರ್ತಿ ಹೇಳಿ, ಇಪ್ಪತ್ತು ನಿಮಿಷವನ್ನೂ ಸೇರಿಸಿ ಹೇಳಿ. ನಿಮ್ಮ ನಾಚಿಕೆ ಕರಗುವವರೆಗೆ ನೀರಲ್ಲಿರುವವರು ಕಾಯಲಾರರು.

ಎರಡನೆಯ ಸಾಲಿನ ಹಿರಿಯರೇ, ಆ ಟವೆಲ್ ಇನ್ನೂ ಅಲ್ಲೇ ಇದೆ. ಬಂದುಬಿಡುತ್ತಾರೆ ಎಂದಿರಿ. ಅರ್ಧ ಗಂಟೆ ಕಳೆಯಿತು, ಹೊರಗೆ ಬಿಸಿಲು ಉರಿಯುತ್ತಿದೆ. ಅವರಿಗೂ ನಿಮ್ಮಷ್ಟೇ ವಯಸ್ಸಾಗಿದ್ದರೆ? ಏಳಿ, ನೀವೇ ಹೋಗಿ ನೋಡಿ ಬನ್ನಿ. ಅವಸರವಿಲ್ಲ. ನೀವು ಬಂದು ಹೇಳುವವರೆಗೆ ಮಂಗಳಾರತಿ ಎತ್ತುವುದಿಲ್ಲ. ನಾವೆಲ್ಲ ಕಾಯುತ್ತೇವೆ.